ಅಕ್ಷರ ಕಲಿಸುವ ಹೊಣೆ ಯಾರದು?



ತೊಗರಿ ರಾಶಿ ಮುಗಿದ ಮೇಲೆ ಉದಗೀರದ ಆಡತಿ ವ್ಯಾಪಾರಿಯೊಬ್ಬರು ಮಠಕ್ಕೆ ಬಂದು, ತಮ್ಮ ಹುಟ್ಟೂರಿನ ಶಾಲೆಯ ಒಂದು ಮತ್ತು ಎರಡನೆಯ ಇಯತ್ತೆಯ ಮಕ್ಕಳಿಗೆ ಹತ್ತು ಟ್ಯಾಬ್ಲೆಟ್ ಕೊಡಿಸುವುದಾಗಿ ಹೇಳಿದರು. "ಪಾಟಿ-ಬಳಪದ ಕಾಲ ಮುಗೀತ್ರಿ, ಇನ್ನ ಮಿಷನ್ನೇ ಕಲಸ್ತದ" ಎಂದರು. ಅವರ ಮನಸ್ಸು ದೊಡ್ಡದು. ಆದರೂ ನಾವು ಕೂಡಲೇ ಒಪ್ಪಲಿಲ್ಲ. ಕಾರಣವನ್ನು ತಮ್ಮೆಲ್ಲರ ಮುಂದೆ ನಿವೇದಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವೇ ಮುಂದೆ ನಿಂತು ಒಂದು ಶಾಲೆಗೆ ನಾಲ್ಕು ಟ್ಯಾಬ್ಲೆಟ್ ಕೊಡಿಸಿದ್ದೆವು. ಹಾರ ಹಾಕಿ ಫೋಟೋ ತೆಗೆಸಿಕೊಂಡೆವು. ಮರುವರ್ಷ ಹೋಗಿ ನೋಡಿದರೆ ನಾಲ್ಕೂ ಕಪಾಟಿನಲ್ಲಿದ್ದವು, ಬ್ಯಾಟರಿ ಉಬ್ಬಿದ್ದವು. ಎರಡು ಇಯತ್ತೆ ಒಬ್ಬರೇ ನೋಡಿಕೊಳ್ಳುವ ಗುರುಗಳು ಏನು ಮಾಡಿಯಾರು? ತಪ್ಪು ಶಾಲೆಯದಲ್ಲ, ನಮ್ಮದು. ವಸ್ತು ಕೊಟ್ಟು ಹೊಣೆ ಮುಗಿಯಿತೆಂದು ತಿಳಿದೆವು.

ನಮ್ಮ ಗಡಿಭಾಗದ ಮಗುವಿನ ಕಷ್ಟ ಬೇರೆ ತರಹದ್ದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ಮುಂಬಯಿ ರಾಜ್ಯಕ್ಕೆ ಸೇರಿದವು. 1960ರಲ್ಲಿ ಅದೇ ಮಹಾರಾಷ್ಟ್ರದ ಭಾಗವಾಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆ ಮರಾಠಿ. ಮರಾಠಿ ಬೇಕೇ ಬೇಕು. ಸಾತ್‌ಬಾರಾ ಉತಾರ ಓದಬೇಕು, ಬಾಜಾರದಲ್ಲಿ ವ್ಯವಹಾರ ಮಾಡಬೇಕು. ಆದರೆ ಆರು ವರ್ಷದ ಕೂಸು ಹೊಸ ಅಕ್ಷರ, ಹೊಸ ಭಾಷೆ ಎರಡನ್ನೂ ಒಮ್ಮೆಗೇ ಹೊರಬೇಕಾಗುತ್ತದೆ. ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. 'ಕೊಡು' ಮತ್ತು 'ಕೋಡು' ಎರಡನ್ನೂ ಆ ಲಿಪಿಯಲ್ಲಿ ಒಂದೇ ರೀತಿ ಬರೆಯಬೇಕು. ಮನೆಯ ಮಾತಿನ ದನಿ ಹೀಗೆ ಕಾಗದದ ಮೇಲೆ ಕಳೆದುಹೋಗುತ್ತದೆ.

ಇಲ್ಲಿ ಟ್ಯಾಬ್ಲೆಟ್ ಉಪಕಾರಿಯೇ ಸರಿ. ಬೆರಳಿಟ್ಟರೆ ಅಕ್ಷರ ದನಿಗೊಡುತ್ತದೆ, ನೂರು ಸಲ ಕೇಳಿದರೂ ಬೇಸರಿಸುವುದಿಲ್ಲ. ಸೋಲಾಪುರ ಜಿಲ್ಲೆಯ ಪರಿತೇವಾಡಿ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಲೆಯವರಿಗೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಿತು. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಚ್ಚು ಮಾಡಿಸಿ, ಅದರಿಂದ ಪದ್ಯ, ಕಥೆ, ಪಾಠ ಕೇಳುವಂತೆ ಮಾಡಿದವರು ಅವರು. ಆದರೆ ಅದಕ್ಕೂ ಮೊದಲು ಅವರು ಮಾಡಿದ್ದೇನು? ಮಕ್ಕಳ ಮನೆಮಾತು ಕನ್ನಡವೆಂದು ತಿಳಿದು ತಾವೇ ಕನ್ನಡ ಕಲಿತರೆಂದು ಪ್ರಶಸ್ತಿ ಕೊಟ್ಟವರು ಹೇಳಿದ್ದಾರೆ. ಮೊದಲು ಮನುಷ್ಯ ಬಂದ, ಆಮೇಲೆ ಯಂತ್ರ ಬಂತು.

ಭಾಲ್ಕಿಯ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರನ್ನು ನಮ್ಮ ಹಿರಿಯರು ಬಲ್ಲರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅವರ ಬಳಿ ಯಾವ ಯಂತ್ರವಿತ್ತು? ಹೊಣೆ ಹೊತ್ತಿದ್ದರು, ಅಷ್ಟೇ.

ತಾಯಿ-ತಂದೆ ಹೊತ್ತು ಮುಳುಗುವವರೆಗೆ ಹೊಲದಲ್ಲಿದ್ದಾಗ, ಕಲಿಸುವವರೇ ಇಲ್ಲದ ಕಡೆ, ಏನೂ ಇಲ್ಲದ್ದಕ್ಕಿಂತ ಯಂತ್ರ ಮೇಲಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಮೇಲು. ಆದರೆ ಕೂರಿಗೆ ಎಷ್ಟೇ ಒಳ್ಳೆಯದಿದ್ದರೂ ಹದ ನೋಡುವವನು ರೈತನೇ. ಮಗು ಅಕ್ಷರ ಓದಿತೋ, ಚಿತ್ರ ನೋಡಿ ಊಹಿಸಿತೋ ಎಂಬುದು ಪಕ್ಕದಲ್ಲಿ ಕುಳಿತವರಿಗೇ ತಿಳಿಯುತ್ತದೆ. ಶ್ರೀಮಂತ ದೇಶವಾದ ಸ್ವೀಡನ್ ಕೂಡ 2023ರಲ್ಲಿ ಚಿಕ್ಕ ಮಕ್ಕಳ ಕೈಗೆ ಮತ್ತೆ ಅಚ್ಚಿನ ಪುಸ್ತಕ ಕೊಡಲು ಹೊರಟಿತು.

ಲೆಕ್ಕ ಬರೆಯುವುದು ನಮ್ಮ ಕಸುಬು. ಟ್ಯಾಬ್ಲೆಟ್ಟನ್ನು ಡೆಡ್‌ಸ್ಟಾಕ್ ವಹಿಯಲ್ಲಿ ಬರೆದು ವರ್ಷ ವರ್ಷ ಸವಕಳಿ ಕಳೆಯಬೇಕು. ಕಲಿತ ಅಕ್ಷರಕ್ಕೆ ಸವಕಳಿಯಿಲ್ಲ. ಹಣ ಕೊಟ್ಟವರಿಗೆ ಪಾವತಿ ಸಿಗುತ್ತದೆ. ಮಗುವಿನ ಪಕ್ಕ ಕುಳಿತ ಒಂದು ತಾಸಿಗೆ ಪಾವತಿಯಿಲ್ಲ. ಬಹುಶಃ ಅದಕ್ಕೇ ಅದನ್ನು ಕೊಡುವವರು ಕಡಿಮೆ.

ಆ ವ್ಯಾಪಾರಿಗೆ ನಾವು ಹೇಳಿದ್ದಿಷ್ಟು: "ಹತ್ತು ಬೇಡ, ಐದು ಕೊಡಿರಿ. ಜೊತೆಗೆ ವಾರಕ್ಕೆ ಎರಡು ಸಂಜೆ ನಿಮ್ಮ ಮನೆಯವರೊಬ್ಬರು ಮಕ್ಕಳ ಹತ್ತಿರ ಕೂಡಲಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತು ಕೊಡೋದೇ ಸಸ್ತಾ ಇತ್ತಲ್ರೀ" ಎಂದು ನಕ್ಕರು. ಪಾಡ್ಯದ ದಿನ ಹೊಸ ಖಾತೆ ಬರೆಯುವಾಗ ಹೇಳುತ್ತೇನೆಂದು ಹೋಗಿದ್ದಾರೆ.

ಅವರ ಉತ್ತರ ಏನೇ ಬರಲಿ, ಕನ್ನಡ ಓದು-ಬರಹ ಬಲ್ಲ ಅಕ್ಕ-ತಂಗಿಯರು, ನಿವೃತ್ತ ಗುರುಗಳು ತಮ್ಮ ಊರಿನ ಮಕ್ಕಳಿಗಾಗಿ ವಾರಕ್ಕೊಂದು ತಾಸು ಕೊಡುವುದಾದರೆ ಮಠದ ಕಚೇರಿಯಲ್ಲಿ ಹೆಸರು ತಿಳಿಸಬೇಕೆಂದು ವಿನಂತಿ.