ಕಟ್ಟಿ ಯಾರದು?

ಮನೆಯ ಒಳಗು ನಮ್ಮದು, ಬೀದಿ ಎಲ್ಲರದು. ಇದರಲ್ಲಿ ತಕರಾರಿಲ್ಲ. ಎರಡರ ನಡುವಿನ ಜಗಲಿ ಯಾರದು? ಅದನ್ನು ದೊಡ್ಡದು ಮಾಡಿಸಲು ಹೊರಟಾಗ ಈ ಪ್ರಶ್ನೆ ಏಳುತ್ತದೆ. ನಮ್ಮ ಧಾರವಾಡದ ಕಡೆ ಅದಕ್ಕೆ ಕಟ್ಟಿ ಅಂತೀವಿ. ಇಲ್ಲಿಯ ಮರಾಠಿಯಲ್ಲಿ ಓಟಾ. ಹೆಸರು ಬೇರೆ, ಕೆಲಸ ಒಂದೇ. ಒಳಗೆ ಕರೆಯುವಷ್ಟು ಹತ್ತಿರದವನಲ್ಲ, ಬಿಸಿಲಲ್ಲಿ ನಿಲ್ಲಿಸುವಷ್ಟು ದೂರದವನೂ ಅಲ್ಲ, ಅಂಥವನನ್ನು ಕೂಡಿಸುವುದು.

ಪರವೂರಿಗೆ ಹೋದವರೆಲ್ಲ ಮೊದಮೊದಲು ಅಂಥವರೇ. ನೌಕರಿಗೆಂದು ನಾಗಪುರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಸೀತಾಬರ್ಡಿಯ ಓಣಿಗಳಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಗುರುತಿಲ್ಲದ ಅಜ್ಜಿಯೊಬ್ಬರು 'ಬಸಾ' ಎಂದು ಓಟಾ ತೋರಿಸಿ ನೀರು ಕೊಟ್ಟರು. ಜಾತಿ, ಊರು ಕೇಳಲಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಊರಲ್ಲಿ ನೆರಳೆಂಬುದು ಅನ್ನದಷ್ಟೇ ದೊಡ್ಡ ದಾನ.

ಈಗ ನಮ್ಮದೇ ಮನೆ, ಮುಂದೆ ನಾಲ್ಕಡಿ ಕಟ್ಟಿ. ಅದನ್ನು ಎಂಟಡಿ ಮಾಡಿ, ಟೈಲ್ಸ್ ಕೂಡಿಸಿ, ಸುತ್ತ ಗ್ರಿಲ್ ಹಾಕಿಸುವ ವಿಚಾರ. ಮುಂದಿನ ಖಾಲಿ ಜಾಗ ನಮ್ಮದೇ. ಮಹಾನಗರಪಾಲಿಕೆಯ ಪರವಾನಗಿ ಸಿಕ್ಕರೆ ಕಾಯ್ದೆಯ ಪ್ರಶ್ನೆ ಮುಗಿಯಿತು. ನೀತಿಯದು ಮುಗಿಯುವುದಿಲ್ಲ. ದಿನಾ ಮಧ್ಯಾಹ್ನ ಬುಟ್ಟಿ ಇಳಿಸಿ ಅಲ್ಲಿ ದಣಿವಾರಿಸಿಕೊಳ್ಳುವ ಕಾಯಿಪಲ್ಲೆಯಾಕಿಗೆ ಯಾವ ಕಾಗದದ ಹಕ್ಕೂ ಇಲ್ಲ. ರೂಢಿಯ ಹಕ್ಕು ಇಲ್ಲವೆನ್ನಲು ಮಾತ್ರ ನಾಲಗೆ ಏಳುವುದಿಲ್ಲ.

'ಗ್ರಿಲ್ ಬೇಕೇ ಬೇಕ್ರೀ. ನೀವು ಟೂರಿಗೆ ಹೋದ್ರ ರಾತ್ರಿ ನಾನೊಬ್ಬಾಕಿ ಇರತೀನಿ' ಎನ್ನುತ್ತಾಳೆ ಹೆಂಡತಿ. ಅದೂ ಖರೆ. ಪರವೂರಿನಲ್ಲಿ ಅಂಜಿಕೆಯನ್ನು ಹಗುರಾಗಿ ಕಾಣಬಾರದು.

ಊರೂರಿನ ಗಡಿಗಳನ್ನು ನಮ್ಮನ್ನು ಕೇಳಿ ಯಾರೂ ಬರೆಯುವುದಿಲ್ಲ. 1817ರ ನವೆಂಬರಿನಲ್ಲಿ ಇದೇ ಸೀತಾಬರ್ಡಿ ಗುಡ್ಡದ ಮೇಲೆ ಭೋಸಲೆಯವರ ಸೈನ್ಯ ಈಸ್ಟ್ ಇಂಡಿಯಾ ಕಂಪನಿಗೆ ಸೋತಿತು. ನಾಗಪುರದ ಹಣೆಬರಹ ಬದಲಾಯಿತು. 1956ರ ನವೆಂಬರ್ 1ರಂದು ಧಾರವಾಡ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ನಾಗಪುರ ಮಧ್ಯಪ್ರದೇಶ ಬಿಟ್ಟು ಮುಂಬಯಿ ರಾಜ್ಯಕ್ಕೆ ಹೋಯಿತು. ಯಾವ ಮನೆಯೂ ಕದಲಲಿಲ್ಲ, ಜನ ಮಾತ್ರ ಬೇರೆ ರಾಜ್ಯದವರಾದರು. ಆ ಗೆರೆಗಳಿಗೆ ನಾವು ಹೊಣೆಯಲ್ಲ. ಮನೆ ಮುಂದಿನ ಗೆರೆಗೆ ಮಾತ್ರ ನಾವೇ ಹೊಣೆ.

ಹಾಗಾದರೆ ಆ ಗೆರೆ ಎಲ್ಲಿರಬೇಕು? ನನಗೆ ತೋಚಿದ್ದು ಇಷ್ಟು: ನಮ್ಮ ಮನೆ ಬೆಳೆಯಲಿ, ಆದರೆ ಮತ್ತೊಬ್ಬರಿಗೆ ಮೊದಲಿದ್ದದ್ದು ಕಡಿಮೆಯಾಗಬಾರದು. ಎಂಟಡಿಯಲ್ಲಿ ಒಳಗಿನ ನಾಲ್ಕಡಿಗೆ ಗ್ರಿಲ್, ಕೀಲಿ, ಸ್ಕೂಟರು. ಹೊರಗಿನ ನಾಲ್ಕಡಿ ಹಿಂದಿನಂತೆಯೇ ತೆರೆದ ಕಟ್ಟಿ. ಮೇಲಿನ ತಗಡು ಮಾತ್ರ ಎಂಟಡಿಗೂ ಇರಲಿ. ನೆರಳಿಗೆ ಕೀಲಿ ಯಾಕೆ?

ಹೆಂಡತಿ ಒಪ್ಪಿದಳು, ಒಂದು ಕರಾರಿನ ಮೇಲೆ: 'ಆತು ಬಿಡ್ರಿ, ಆದ್ರ ಹೊರಗಿನ ಕಸಾ ನೀವ ಹೊಡೀಬೇಕು.' ನ್ಯಾಯವಾದ ಮಾತು. ನಾಲ್ಕು ಮಂದಿಗೆ ತೆರೆದಿಡುತ್ತೇನೆ ಎಂದವನು ಪೊರಕೆಯನ್ನೂ ಹಿಡಿಯಬೇಕಲ್ಲವೇ?