ಆಹಾರಶುದ್ಧಿಯ ವಿಚಾರ

ಆಹಾರಶುದ್ಧಿಯಿಂದ ಅಂತಃಕರಣವು ಶುದ್ಧವಾಗುವುದೆಂಬ ಛಾಂದೋಗ್ಯೋಪನಿಷತ್ತಿನ ಅಭಿಪ್ರಾಯವು ಸುಪ್ರಸಿದ್ಧವಾದುದು. ಅಲ್ಲಿಯ ‘ಆಹಾರ’ ಶಬ್ದಕ್ಕೆ ಇಂದ್ರಿಯಗಳು ಗ್ರಹಿಸುವ ವಿಷಯಗಳೆಂದು ಶಂಕರಾಚಾರ್ಯರು ಅರ್ಥಮಾಡಿದರು. ಉಣ್ಣುವ ಅನ್ನವೆಂದೇ ರಾಮಾನುಜಾಚಾರ್ಯರು ಗ್ರಹಿಸಿದರು. ಈಗಿನ ಪೇಟೆಯಲ್ಲಿ ಎರಡನೆಯ ಅರ್ಥಕ್ಕೇ ಮನ್ನಣೆ ಹೆಚ್ಚು. ‘ಸಾವಯವ’ವೆಂಬ ಮುದ್ರೆಯುಳ್ಳ ಅಕ್ಕಿ, ಬೇಳೆ, ಬೆಲ್ಲಗಳಿಗೆ ನಗರದ ಗೃಹಸ್ಥರು ಅಧಿಕವಾದ ಬೆಲೆಯನ್ನು ಸಂತೋಷದಿಂದ ತೆರುತ್ತಿರುವರು. ಈ ಶುದ್ಧಿಯು ಯಾರದೆಂಬುದು ವಿಚಾರಾರ್ಹವಾಗಿದೆ.

ಇಂತಹ ಪದಾರ್ಥಗಳಲ್ಲಿ ಪುಷ್ಟಿಯು ವಿಶೇಷವಾಗಿರುವುದೆಂದು ಜಾಹೀರಾತುಗಳು ಸಾರುತ್ತವೆ. ಆದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2012ರಲ್ಲಿ ಇನ್ನೂರಕ್ಕೂ ಮಿಕ್ಕ ಪರಿಶೋಧನೆಗಳನ್ನು ತೂಗಿನೋಡಿ, ಪೋಷಕಾಂಶಗಳಲ್ಲಿ ಗಣನೀಯವಾದ ಭೇದಕ್ಕೆ ಬಲವಾದ ಪ್ರಮಾಣವಿಲ್ಲವೆಂದೂ, ಕೀಟನಾಶಕದ ಶೇಷವು ಮಾತ್ರ ಕಡಿಮೆಯಿರುವುದೆಂದೂ ತಿಳಿಸಿದರು. 2014ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿದ್ವಾಂಸರು ಕೆಲವು ಹಿತಕರವಾದ ಅಂಶಗಳು ಸಾವಯವ ಬೆಳೆಗಳಲ್ಲಿ ಹೆಚ್ಚೆಂದರು. ಆದರೂ ಅದರಿಂದ ಉಣ್ಣುವವನ ಆರೋಗ್ಯವು ವರ್ಧಿಸುವುದೆಂಬುದು ಇನ್ನೂ ಸಿದ್ಧಪಟ್ಟಿಲ್ಲ.

ಹಾಗಾದರೆ ವಿಷದ ಹೊರೆಯನ್ನು ಮೊದಲು ಹೊರುವವರು ಯಾರು? ಅದನ್ನು ಸಿಂಪಡಿಸುವವರು, ಹೊಲದ ಮಗ್ಗುಲಲ್ಲಿ ವಾಸಿಸುವವರು. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಗೇರುತೋಟಗಳ ಮೇಲೆ ಆಕಾಶದಿಂದ ಎರಚಿದ ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ನಿಷೇಧಿಸಿತು. ಅಲ್ಲಿ ನೊಂದವರು ಗೇರುಬೀಜವನ್ನು ಕೊಂಡು ತಿಂದ ದೂರದ ಧನಿಕರಲ್ಲ. ತೋಟದ ನೆರೆಯಲ್ಲಿ ಬಾಳಿದ ಬಡವರು.

ಮುದ್ರೆಯ ಹಿಂದಿನ ಕಷ್ಟವನ್ನೂ ನೆನೆಯಬೇಕು. ನಮ್ಮ ದೇಶದ ನಿಯಮದಂತೆ, ರಸಾಯನಗಳನ್ನು ತ್ಯಜಿಸಿದ ರೈತನು ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ ಕಾಯಬೇಕು. ಆ ಅವಧಿಯಲ್ಲಿ ಇಳುವರಿ ಕುಗ್ಗಿದರೂ ‘ಸಾವಯವ’ದ ಹೆಸರಿನಿಂದ ಮಾರುವಂತಿಲ್ಲ. ಕೊಳ್ಳುವವನ ನೆಮ್ಮದಿಗೆ ಮುಂಚೆ ಬೆಳೆಯುವವನ ತಪಸ್ಸು ನಡೆದಿರುತ್ತದೆ.

ತನ್ನ ಹಣದಿಂದ ತನ್ನ ಆರೋಗ್ಯವನ್ನು ಕಾಯ್ದುಕೊಳ್ಳುವವನಲ್ಲಿ ದೋಷವೇನೆಂದು ಕೆಲವರು ಕೇಳಬಹುದು. ದೋಷವೇನೂ ಇಲ್ಲ, ಆದರೆ ಅಷ್ಟರಿಂದಲೇ ಅದು ಧರ್ಮವೆನಿಸದು. ಶೌಚಗಳಲ್ಲಿ ಅರ್ಥಶೌಚಕ್ಕೆ, ಎಂದರೆ ಹಣದ ವ್ಯವಹಾರದ ಶುದ್ಧಿಗೆ, ಮನುಸ್ಮೃತಿಯು ಅಗ್ರಸ್ಥಾನವನ್ನಿತ್ತಿದೆ. ಅಂಗಡಿಯಲ್ಲಿ ಮುದ್ರೆಗೆ ಎರಡರಷ್ಟು ತೆತ್ತು, ಸಂತೆಯಲ್ಲಿ ರೈತನೊಡನೆ ಕಾಸುಕಾಸಿಗೂ ಚೌಕಾಸಿ ಮಾಡುವವನ ಅನ್ನದಲ್ಲಿ ವಿಷವಿಲ್ಲದಿರಬಹುದು, ಶುದ್ಧಿಯಿದೆಯೆನ್ನಲಾಗದು. ಬೆಳೆದವನಿಗೆ ನ್ಯಾಯವಾದ ಬೆಲೆಯನ್ನು ಸಲ್ಲಿಸಿ, ಅವನ ನೆಲ, ನೀರು, ಉಸಿರುಗಳ ಕ್ಷೇಮವನ್ನೂ ಬಯಸಿ ಉಣ್ಣುವುದೇ ನಿಜವಾದ ಆಹಾರಶುದ್ಧಿಯು.