ಸಹಿ ಹಾಕದವರು

(ಮಾವ ಮೊಳಕಾಲ್ಮೂರಿನವರು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಲಾರಿ ಓಡಿಸಿ ಈಗ ಮನೆಯಲ್ಲಿದ್ದಾರೆ. ಅಳಿಯನಿಗೆ ಚಳ್ಳಕೆರೆಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿ. ತನ್ನ ಹಳೇ ಕಾರಿನಲ್ಲೇ ಶನಿವಾರ, ಭಾನುವಾರ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗಿಬಂದು, ಮತ್ತೆ ಹೊರಡುವ ತಯಾರಿಯಲ್ಲಿದ್ದಾನೆ.)

ಮಾವ: ಸುಮಾರು 500 ಕಿಲೋಮೀಟರ್ ಹೋಗಿ, ಅಲ್ಲಿ 3.7 ಕಿಲೋಮೀಟರ್ ದಾರೀಲಿ ಗಾಣದೆತ್ತಿನ ಹಾಗೆ ಸುತ್ತಿ, ಮತ್ತೆ ಅಷ್ಟೇ ದೂರ ವಾಪಸ್ ಬಂದೆ. ಯಾವೂರು ತಲುಪಿದ ಹಾಗಾಯ್ತಪ್ಪ?

ಅಳಿಯ: ಊರು ತಲುಪೋಕೆ ಹೋಗಿದ್ದಲ್ಲ ಮಾವ. ಇಷ್ಟು ವರ್ಷ ಓಡಿಸಿದರೂ ನನ್ನ ಕಾರು ಎಲ್ಲಿ ಹಿಡಿತ ಬಿಡುತ್ತೆ ಅಂತ ಗೊತ್ತಿರಲಿಲ್ಲ. ಅಲ್ಲಿ 12 ತಿರುವು. ಅದೇ ತಿರುವು ಮತ್ತೆ ಬಂದಾಗ, ಹೋದ ಸುತ್ತಲ್ಲಿ ಬ್ರೇಕ್ ಎಲ್ಲಿ ತಡವಾಯ್ತು ಅಂತ ಕಾಲಿಗೇ ನೆನಪಿರುತ್ತೆ. ರಸ್ತೆಯಲ್ಲಿ ಆ ಪಾಠ ಸಿಗಲ್ಲ. ಸಿಕ್ಕರೂ ಇನ್ನೊಬ್ಬರ ಪ್ರಾಣ ತೆಗೆದು ಸಿಗುತ್ತೆ.

ಮಾವ: ನಾನು ಹಿಡಿತ ಎಲ್ಲಿ ಬಿಡುತ್ತೆ ಅಂತ ನೋಡೋಕೇ ಹೋಗಲಿಲ್ಲ. ಅದರಿಂದ ದೂರ ಇರೋದೇ ಡ್ರೈವರ್ ಕೆಲಸ. ಮನೆಗೆ ಬಂದು ಹೇಳೋಕೆ ಏನೂ ಇಲ್ಲದಿದ್ದರೆ ಟ್ರಿಪ್ ಚೆನ್ನಾಗಾಯ್ತು ಅಂತ.

ಅಳಿಯ: ಅಂಚು ಎಲ್ಲಿದೆ ಅಂತ ಗೊತ್ತಿಲ್ಲದೆ, ದೂರ ಇದ್ದೀನಿ ಅಂತ ಹೇಗೆ ಗೊತ್ತಾಗೋದು?

ಮಾವ: ಭಯ ಹೇಳ್ತಿತ್ತು.

ಅಳಿಯ: ಎಲ್ಲರಿಗೂ ಹೇಳಲ್ಲವಲ್ಲ ಮಾವ. ಹಿರಿಯೂರು ರಸ್ತೆಯಲ್ಲಿ ಹಾರಿಕೊಂಡು ಹೋಗೋ ಹುಡುಗರನ್ನ ನೋಡಿ. ಓಡಿಸೋದು ಗೊತ್ತು, ನಿಲ್ಲಿಸೋದು ಗೊತ್ತಿಲ್ಲ. ನಮ್ಮ ಚಳ್ಳಕೆರೆ ಕಾವಲಲ್ಲೇ 2024ರ ಜೂನ್ 23ರಂದು ಇಸ್ರೋದವರು ಮರುಬಳಕೆಯ ರಾಕೆಟ್ಟಿನ ಮಾದರಿ ಪುಷ್ಪಕ್ ಇಳಿಸಿದರಲ್ಲ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಪ್ಯಾರಾಚೂಟ್ ಬಿಚ್ಚಿ ನೂರರ ಹತ್ತಿರಕ್ಕೆ ತಂದು, ಆಮೇಲೆ ಚಕ್ರದ ಬ್ರೇಕ್ ಹಾಕಿದರು. ಅಷ್ಟೆಲ್ಲ ಏರ್ಪಾಡು ಸರಿಯಾಗಿ ಇಳಿದು ನಿಲ್ಲೋದನ್ನ ಕಲಿಯೋಕೆ.

ಮಾವ: ಅದು ಬೇಲಿಯೊಳಗೆ ಕಣಪ್ಪ. ಆ ಬೇಲಿಗೂ ಬೆಲೆ ತೆತ್ತವರಿದ್ದಾರೆ. ಮೈಸೂರು ಸೈನ್ಯದ ಸಾಮಾನು ಎಳೆಯೋ ಎತ್ತುಗಳಿಗೆ ಅಂತ ಬಿಟ್ಟಿದ್ದ ಹುಲ್ಲುಗಾವಲುಗಳು ಇವು. ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ. ಆ ಎತ್ತುಗಳ ಹೆಸರುವಾಸಿಯೂ ಓಟಕ್ಕೇ. ಆಮೇಲೆ ಕುರಿಯೋರು ಮೇಯಿಸಿದರು. ಈಗ ಬೇಲಿ ಬಿತ್ತು. ಕುರಿಯೋರನ್ನ ಕೂರಿಸಿಕೊಂಡು ಕೇಳಿದವರು ಯಾರು? ವೇಗ ಅನ್ನೋದು ಯಾವಾಗಲೂ ಯಾರದೋ ಜಾಗದ ಮೇಲೇ ಓಡುತ್ತೆ.

ಅಳಿಯ: ಅದಕ್ಕೇ ನಾನು ಅಷ್ಟು ದೂರ ಹೋಗೋದು. ಟ್ರ್ಯಾಕಿನ ಒಳಗಿರೋರೆಲ್ಲ ತಿಳಿದೇ ಬಂದವರು. ಮೊದಲು ಹೆಲ್ಮೆಟ್, ಬೆಲ್ಟ್, ಟೈರು, ಬ್ರೇಕ್ ಎಲ್ಲ ತಪಾಸಣೆ. ಹಳದಿ ಬಾವುಟ ಕಂಡರೆ ಯಾರನ್ನೂ ಹಿಂದೆ ಹಾಕೋ ಹಾಗಿಲ್ಲ, ಕೆಂಪು ಕಂಡರೆ ಓಟವೇ ಬಂದ್. ಎಲ್ಲಕ್ಕಿಂತ ಮುಂಚೆ ಒಂದು ಕಾಗದಕ್ಕೆ ಸಹಿ: ಏನಾದರೂ ಆದರೆ ಹೊಣೆ ನನ್ನದು. ಸಾಮಾನ್ಯ ಕಾರು ಇನ್ಶೂರೆನ್ಸ್ ರೇಸಿಗೆ ಅನ್ವಯಿಸಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತೆ. ಹಿರಿಯೂರು ರಸ್ತೆ ದಾಟೋ ಮುದುಕಿ ಅಂಥ ಯಾವ ಕಾಗದಕ್ಕೂ ಸಹಿ ಹಾಕಿಲ್ಲ ಮಾವ. ಅವಳ ಮುಂದೆ ನನ್ನ ಶೋಕಿ ತೋರಿಸೋ ಹಕ್ಕು ನನಗಿಲ್ಲ.

ಮಾವ: ಈ ಮಾತು ಒಪ್ಪಿದೆ. ವಾಪಸ್ ಬರೋವಾಗ ಹೇಗೆ ಓಡಿಸಿದೆ?

ಅಳಿಯ: ಎಂಬತ್ತರಲ್ಲಿ. ಯಾರು ಮುಂದೆ ಹೋದರೂ ಬೇಜಾರಾಗಲಿಲ್ಲ.

ಮಾವ: ಸುಸ್ತಾಗಿತ್ತೋ, ಬುದ್ಧಿ ಬಂದಿತ್ತೋ?

ಅಳಿಯ: ಆವತ್ತು ಸುಸ್ತು ಅಂದುಕೊಂಡೆ. ಆದರೆ ಆಮೇಲೂ ಹಾಗೇ ಓಡಿಸ್ತಾ ಇದ್ದೀನಿ.

ಮಾವ: ಸರಿ. ಆ ಕಾಗದಕ್ಕೆ ನಿಮ್ಮವ್ವ ಸಹಿ ಹಾಕಿದ್ದಾಳಾ?

ಅಳಿಯ: ಅವ್ವ ಯಾಕೆ ಮಾವ? ಕಾರಲ್ಲಿ ಕೂರೋದು ನಾನು.

ಮಾವ: ಕಾರಲ್ಲಿ ಕೂರೋದು ನೀನು. ಹೆಚ್ಚುಕಮ್ಮಿ ಆದರೆ ಆಸ್ಪತ್ರೆ ಬಾಗಿಲಲ್ಲಿ ಕೂರೋದು ನನ್ನ ತಂಗಿ. ಅಪಾಯ ನಿನ್ನೊಬ್ಬನದೇ ಅಂತ ಯಾವ ಲೆಕ್ಕದಲ್ಲಿ ಬರೆದುಕೊಟ್ಟೆ?

ಅಳಿಯ: ಹಾಗೆ ಲೆಕ್ಕ ಹಿಡಿದರೆ ಯಾರೂ ಮನೆ ಬಿಟ್ಟು ಹೊರಡೋ ಹಾಗಿಲ್ಲ. ರಾತ್ರಿಯೆಲ್ಲ ಲಾರಿ ಓಡಿಸೋವಾಗ ನೀವು ಅತ್ತೆಯನ್ನ ಕೇಳಿ ಹೋಗ್ತಿದ್ರಾ?

ಮಾವ: ಇಲ್ಲ. ಅದು ಅನ್ನದ ಮಾತು. ಬೇಡ ಅನ್ನೋಕೆ ಅವಳಿಗೂ ದಾರಿ ಇರಲಿಲ್ಲ, ನನಗೂ ಇರಲಿಲ್ಲ. ನಿನ್ನದು ಆಸೆ. ಬೇಡ ಅನ್ನೋಕೆ ಬರುತ್ತಲ್ಲ, ಅದಕ್ಕೇ ಬಾಯಿಬಿಟ್ಟು ಕೇಳಬೇಕಾಗುತ್ತೆ.

ಅಳಿಯ: ಆಸೆ ಅಂದರೆ ಕೀಳಾ ಮಾವ?

ಮಾವ: ಕೀಳು ಅನ್ನಲಿಲ್ಲ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಬರೆಸಿದ ಕಲ್ಲಿದೆ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು ಅನ್ನೋದು ಅದರ ಸಾರ. ಸಾವಿರಾರು ಮೈಲಿ ಆಳಿದ ರಾಜ, ಕಲ್ಲಲ್ಲಿ ಹೇಳಿಸಿದ್ದು ಮನೆಯೊಳಗಿನ ಮಾತು. ವೇಗವನ್ನ ದಾರಿಹೋಕರಿಂದ ದೂರ ಒಯ್ದೆಯಲ್ಲ, ಅದು ದಯೆಯೇ. ಉಳಿದ ಎರಡು ಇನ್ನೂ ಬಾಕಿ ಇವೆ.

ಅಳಿಯ: ಕೇಳಿದರೆ ಅವ್ವ ಬೇಡ ಅಂತಾಳೆ.

ಮಾವ: ಅನ್ನಲಿ. ನೀನೂ ನಿನ್ನ ಮಾತು ಹೇಳು. ಹೆಲ್ಮೆಟ್ ತೋರಿಸು, ಆ ಬಾವುಟಗಳ ವಿಷಯ ಹೇಳು. ನನಗೆ ಹೇಳಿ ಒಪ್ಪಿಸಿದೆಯಲ್ಲ, ಅವಳು ನನಗಿಂತ ಬುದ್ಧಿವಂತೆ. ಆ ಕಾಗದ ಇಂಗ್ಲಿಷಲ್ಲಿದ್ದರೆ ಕನ್ನಡದಲ್ಲಿ ಪೂರ್ತಿ ಓದಿ ಹೇಳು, ಒಂದು ಸಾಲೂ ನುಂಗಬೇಡ. ಅವಳು ಹೂಂ ಅಂದ ಮೇಲೆ ಸಹಿ ಹಾಕು.